ಸೂಲಂಗಿ: ಎರಡು ಸಾಲು

ಫಾರಮ್ಮಿನ ಕಡೇ ತಾಕಿನಲ್ಲಿ ಎರಡೇ ಸಾಲು.
ಎಡಕ್ಕೆ ರಸದಾಳಿ, ಮುಂಗೈ ಗಾತ್ರದ ಜಲ್ಲೆ,
ಹಲ್ಲು ಸಡಿಲಾದವರೂ ಸಿಗಿದು ತಿನ್ನುವಷ್ಟು ಮೆದು.
ಬಲಕ್ಕೆ, ಲೋಕಪಾವನಿ ದಂಡೆಯಿಂದ ಅಗೆದು ತಂದ ಕಾಡುಗಬ್ಬು,
ಪೆನ್ಸಿಲ್ಲಿಗಿಂತ ತುಸು ದಪ್ಪ,
ಎಮ್ಮೆಯೂ ಮೂಸಿ ಮುಂದೆ ಹೋಗುವ ಜಾತಿ.

ನನ್ನ ಕೈಯಲ್ಲಿ ಭೂತಗನ್ನಡಿ,
ಕಂಕುಳಲ್ಲಿ ನೀಲಿ ರಟ್ಟಿನ ಪುಸ್ತಕ:
ಕಾಂಡದ ಸುತ್ತಳತೆ, ಎಲೆಯಗಲ, ಗಿಣ್ಣಿನಿಂದ ಗಿಣ್ಣಿಗೆ ಎಷ್ಟು.
ಎಡಕ್ಕೊಂದು ಕಾಲಂ, ಬಲಕ್ಕೊಂದು.
ಹೂವಿಗೆ ಬಂದಾಗ ಪೆನ್ನು ನಿಂತಿತು.
ಎರಡೂ ಬೆಳ್ಳಗೆ, ಎರಡೂ ರೇಷ್ಮೆ,
ಗಾಳಿ ಬಂದರೆ ಎರಡೂ ಒಂದೇ ಕಡೆಗೆ ತಲೆ ಕೊಡುತ್ತವೆ.

"ಕತ್ಲಲ್ಲೂ ಗೊತ್ತಾಯ್ತದೆ ಕನವ್ವ" ಅಂದಳು ನಿಂಗಾಜಮ್ಮ.
ದಿನಗೂಲಿ, ಇಪ್ಪತ್ತೆರಡನೇ ವರ್ಷ.
ಗರಿ ಮುಗಿದು ದಂಟು ಶುರುವಾಗುವಲ್ಲಿ
ನನ್ನ ಹೆಬ್ಬೆರಳು ಹಿಡಿದು ಒತ್ತಿದಳು.
"ಇದ್ರ ಕೊರಳು ನುಣ್ಣಗೈತೆ.
ಇದ್ರದ್ಕೆ ನೋಡು, ರೋಮ."
ಹೌದು. ರಸದಾಳಿಯದು ತೊಳೆದು ಬೋರಲಿಟ್ಟ ಲೋಟದ ಅಂಚು.
ಕಾಡಿನದು, ನಿನ್ನೆ ಹುಟ್ಟಿದ ಕರುವಿನ ಕಿವಿ.

ಕಾಲಂ ತುಂಬಿತು. ಅವಳು ನಿಲ್ಲಿಸಲಿಲ್ಲ.
"ಇದು ಹೂ ಬುಟ್ರೆ ಗದ್ದೆಯವ್ನ ಮೊಕ ಸಪ್ಪಗಾಯ್ತದೆ,
ಒಳಗೆಲ್ಲ ಬೆಂಡು, ತೂಕ ಬರಾಕಿಲ್ಲ.
ಅದು ಹೂ ಬುಟ್ರೆ ಯಾರಿಗೂ ಏನೂ ಹೋಗಾಕಿಲ್ಲ."
ಇದನ್ನು ಬರೆಯಲು ಪುಸ್ತಕದಲ್ಲಿ ಜಾಗವಿರಲಿಲ್ಲ.

ತೊಡಕು ಬೇರೆಯದೇ ಇತ್ತು:
ಕಾಡಿನದು ಗೌರಿಹಬ್ಬಕ್ಕೇ ಬಿರಿಯುತ್ತದೆ,
ರಸದಾಳಿಗೆ ದೀಪಾವಳಿ ಕಳೆದು ವಾರವಾಗಬೇಕು.
ಹಾಗಾಗಿ ಬಲದ ಸಾಲಿನುದ್ದಕ್ಕೂ ಕಂಬ ನೆಟ್ಟು
ಎರಡು ತಿಂಗಳು ಬಲ್ಬು ಉರಿಸಿದೆವು,
ಇರುಳು ಇನ್ನೂ ಗಿಡ್ಡವೇ ಎಂದು ಹುಲ್ಲಿಗೆ ಸುಳ್ಳು ಹೇಳುತ್ತ.
ಕರೆಂಟು ಹೋದ ರಾತ್ರಿಗಳಲ್ಲಿ ನಿಂಗಾಜಮ್ಮ
ಮೊಮ್ಮಗಳು ಓದುವ ಲ್ಯಾಂಪು ತಂದಿಟ್ಟು
ಸೊಳ್ಳೆ ಹೊಡೆಯುತ್ತ ಕೂತಿದ್ದಳಂತೆ.
ಹಾಜರಿ ಪುಸ್ತಕದಲ್ಲಿ ಅದಿಲ್ಲ.

ನವೆಂಬರಿನ ಒಂದು ಬೆಳಗು, ಆರಕ್ಕೆ ಹತ್ತು ನಿಮಿಷ.
ನಾಲೆಯ ಮೇಲೆ ಮಂಜು, ಆಚೆ ಯಾವುದೋ ಆಲೆಮನೆಯ ಹೊಗೆ,
ಯಾವುದು ಯಾವುದೆಂದು ತಿಳಿಯದು.
ರಸದಾಳಿಯ ಪರಾಗ ಬರಡು. ಕೊಡಲಾರದು, ಪಡೆದೀತು.
ಕಾಡಿನದನ್ನು ಹಾಳೆಯ ಮೇಲೆ ತಟ್ಟಿದರೆ ಹಳದಿ ಧೂಳು.
ಗಳದ ತುದಿಗೆ ಕಟ್ಟಿದ ಕಾಡುಸೂಲಂಗಿಯನ್ನು
ರಸದಾಳಿಯ ನೆತ್ತಿಗೆತ್ತಿ ಅವಳು ಒದರಿದಳು.
ಅಕ್ಷತೆ ಹಾಕುವ ಹಾಗಲ್ಲ,
ಮಗು ಮಲಗಿದ ಮನೆಯಲ್ಲಿ ಹಿಟ್ಟು ಜರಡಿ ಹಿಡಿಯುವ ಹಾಗೆ.
ಬಟ್ಟೆಯ ಚೀಲ ಮುಚ್ಚಿ ದಾರ ಬಿಗಿದಳು.
ಚೀಟಿಯಲ್ಲಿ ನಾನು ಬರೆದೆ: ತಾಯಿ, ಗುಣಿಸು, ತಂದೆ.

ಬೇಲಿಯಾಚೆ ಮದ್ದೂರಿನ ದಿಕ್ಕಿಗೆ
ಕಣ್ಣು ಹರಿಯುವಷ್ಟೂ ಕಬ್ಬು.
"ಅದು ಯಾವ ಸಾಲಿಂದು?" ಕೇಳಿದಳು.
ಎರಡರದ್ದೂ, ಅಂದೆ. ಎಂದೋ, ಎಲ್ಲೋ, ಯಾರೋ ಹೀಗೇ ಒದರಿದ್ದರು.
ಸಿಹಿ ಇದರದು.
ಕಡಿದ ಮೇಲೂ ಮತ್ತೆ ಏಳುವ ಕೂಳೆ ಇದೆಯಲ್ಲ, ಅದು ಅದರದು.
ರಸದಾಳಿಗೆ ಎರಡನೇ ಸಲ ಏಳುವಷ್ಟು ಕಸುವಿಲ್ಲ.
ನಿಂಗಾಜಮ್ಮ ಕಾಡುಗಬ್ಬನ್ನು ಬುಡದಿಂದ ತುದಿಯವರೆಗೆ ನೋಡಿದಳು,
ಊರಿಗೆ ಬಂದ ದೂರದ ನಂಟನನ್ನು ನೋಡುವಂತೆ.
"ಅಂಗಾರೆ ಎಮ್ಮೆಗೆ ಏನೂ ತಿಳೀದು, ಬುಡು."

ಸಂಕ್ರಾಂತಿ ಹೊತ್ತಿಗೆ ಟ್ರೇಗಳ ತುಂಬ ಮೊಳಕೆ,
ಸೂಜಿ ಸೂಜಿ ಹಸಿರು, ಎಣಿಸಿದರೆ ಮುನ್ನೂರ ಹನ್ನೊಂದು.
ಊರೆಲ್ಲ ಜಲ್ಲೆ ಹಂಚುವ ದಿನ
ಇಲ್ಲಿ ಕಬ್ಬು ಹುಲ್ಲಿನ ಹಾಗೆ, ಹುಲ್ಲೂ ಹುಲ್ಲಿನ ಹಾಗೆ.
ಕಳೆಯೆಂದು ನಾನೊಂದನ್ನು ಕಿತ್ತೆ.
ಅವಳು ನನ್ನ ಕೈಯಿಂದ ಇಸಿದುಕೊಂಡು, ಬೈಯದೆ,
ಮತ್ತೆ ಊರಿ ಮಣ್ಣು ಒತ್ತಿದಳು.

ಯಾರ ಹಾಗಿದೆ ಇದು, ಕೇಳಿದೆ.
ಹೆಬ್ಬೆರಳಿನಿಂದ ಸವರಿ, ತಲೆಯಾಡಿಸಿದಳು.
"ಈಗ್ಲೇ ಏನ್ ಹೇಳಾದು?
ವಸಿ ತಡಿ. ಕೊರಳು ಬರ್ಲಿ."